ತಾಯಿ ಕಾರ್ಡಿನಲ್ಲಿ ಒಂದು ಖಾಲಿ ಚೌಕ

ಈ ಬೇಸಿಗೆ ರಜೆಯಲ್ಲಿ ಆಧಾರ್ ಕಾರ್ಡು ಹುಡುಕಲೆಂದು ಮನೆಯ ಟ್ರಂಕು ತೆಗೆದಾಗ ನನ್ನ ಕೈಗೆ ಸಿಕ್ಕಿದ್ದು ಭಾಬಿಯ ತಾಯಿ ಕಾರ್ಡು. ಅಂಚು ಸವೆದು, ಮಡಿಕೆಯಲ್ಲಿ ಹರಿದು, ಒಂದು ಕಡೆ ಚಹಾದ ಕಲೆ ಬಿದ್ದಿತ್ತು. ಆ ಕಾರ್ಡಿನೊಳಗೆ ಲಸಿಕೆಗಳ ಪುಟವೊಂದಿದೆ. ಮಗು ಹುಟ್ಟಿದ ದಿನದಿಂದ ಯಾವ ಸೂಜಿ ಯಾವಾಗ ಎಂದು ಸಾಲಾಗಿ ಚೌಕಗಳು. ಸೂಜಿ ಮಾಡಿದಾಗ ನರ್ಸಬಾಯಿ ಅದರಲ್ಲಿ ತಾರೀಖು ಬರೆಯುತ್ತಾರೆ. ನಮ್ಮ ಮನೆಯ ಚಿಕ್ಕವಳ ಪುಟದಲ್ಲಿ ಹುಟ್ಟಿದಾಗಿನದು, ಆರು ವಾರ, ಹತ್ತು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು, ಎಲ್ಲ ತುಂಬಿದ್ದವು. ಅದರ ಮುಂದಿನ ಸಾಲು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳಿನದು, ಪೂರ್ತಿ ಖಾಲಿ. ಅವಳಿಗೆ ಆಗ ನಾಲ್ಕು ವರ್ಷ ಐದು ತಿಂಗಳು.

ನಾನು ವಿಜ್ಞಾನ ವಿಭಾಗದ ವಿದ್ಯಾರ್ಥಿನಿ. ರೋಗನಿರೋಧಕ ಶಕ್ತಿಯ ಪಾಠವನ್ನು ಓದಿ, ಪರೀಕ್ಷೆಯಲ್ಲಿ ಬರೆದು, ಅಂಕ ತೆಗೆದುಕೊಂಡವಳು. ಅದೇ ಪಾಠ ಮೂರು ವರ್ಷದಿಂದ ನಮ್ಮದೇ ಟ್ರಂಕಿನೊಳಗೆ ಬಾಕಿ ಉಳಿದಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ಈ ಲೇಖನ ಬರೆಯುತ್ತಿದ್ದೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಬಸ್ಸು ಹತ್ತಿ ಕಾಲೇಜಿಗೆ ಬರುವ ನಮ್ಮಲ್ಲಿ ಇನ್ನೂ ಎಷ್ಟು ಮನೆಗಳ ಟ್ರಂಕಿನಲ್ಲಿ ಇಂಥ ಕಾರ್ಡು ಇದ್ದೀತು ಎಂಬ ಅನುಮಾನವೂ ಇದೆ.

ಭಾಬಿಯನ್ನು ಕೇಳಿದರೆ ಅವರು ದಾದಿಯ ಕಡೆ ನೋಡಿದರು. ದಾದಿ ತಪ್ಪಿಸಿಕೊಳ್ಳುವ ಮಾತೇ ಆಡಲಿಲ್ಲ. “ಬ್ಯಾಡ ಅಂದಾಕಿ ನಾನ. ರಾಮದುರ್ಗದಾಗ ಸೂಜಿ ಮಾಡಿಸಿದ ಮೂರ ಕೂಸು ಹ್ವಾದ್ವು. ನಮ್ಮ ಕೂಸಿಗೆ ಏನರ ಆದ್ರ ಯಾರ ತಂದ ಕೊಡ್ತಾರ?”

ದಾದಿ ಹೇಳಿದ್ದು ಸುಳ್ಳಲ್ಲ, ವಾಟ್ಸಾಪಿನ ಗಾಳಿಮಾತೂ ಅಲ್ಲ. 2022ರ ಜನವರಿಯಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಎರಡು ವರ್ಷವೂ ತುಂಬದ ಮೂರು ಮಕ್ಕಳು ದಡಾರ–ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೇಲೆ ತೀರಿಕೊಂಡವು. ಲಸಿಕೆಯ ಬಾಟಲಿಗಳನ್ನು ಇಡಬೇಕಾದ ಕಡೆ ಇಡದೆ ಹೋಟೆಲೊಂದರ ಫ್ರಿಜ್ಜಿನಲ್ಲಿ ಇಟ್ಟಿದ್ದರೆಂದು ಪತ್ರಿಕೆಗಳಲ್ಲಿ ಬಂತು. ಸಿಬ್ಬಂದಿಯ ಅಮಾನತೂ ಆಯಿತು. ಆ ವಾರ ಜಿಲ್ಲೆಯ ಯಾವ ಮನೆಯಲ್ಲಿ ಈ ಮಾತು ಆಗಿರಲಿಲ್ಲ? ನಮ್ಮ ಚಿಕ್ಕವಳಿಗೆ ಆಗ ಹದಿಮೂರು ತಿಂಗಳು. ಮುಂದಿನ ಸೂಜಿಗೆ ಇನ್ನು ಮೂರೇ ತಿಂಗಳು. ದಾದಿ ಬೇಡ ಅಂದರು, ಅಬ್ಬಾ ಸುಮ್ಮನಾದರು, ಭಾಯಿ ಕಬ್ಬಿನ ಟ್ರ್ಯಾಕ್ಟರ್ ಮೇಲೆ ಊರೂರು ತಿರುಗುತ್ತಿದ್ದರು. ಭಾಬಿಯನ್ನು ಯಾರೂ ಕೇಳಲಿಲ್ಲ. ಈ ಕಾರ್ಡಿಗೆ ತಾಯಿ ಕಾರ್ಡು ಅಂತ ಹೆಸರು, ಆದರೆ ಹೂಂ ಅನ್ನುವ ಅಧಿಕಾರ ಮನೆಯಲ್ಲಿ ಉಳಿದ ಎಲ್ಲರಿಗೂ ಇರುತ್ತದೆ, ತಾಯಿಯೊಬ್ಬಳನ್ನು ಬಿಟ್ಟು.

ನಮ್ಮಂಥ ಓದಿದವರು ಇಂಥ ಹೊತ್ತಿನಲ್ಲಿ ಹಿರಿಯರಿಗೆ “ನಿಮಗ ತಿಳಿಯೂದಿಲ್ಲ” ಅಂದುಬಿಡುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು. ದಾದಿಯ ಹೆದರಿಕೆಗೆ ಕಾರಣವಿತ್ತು. ಮೂರು ಮನೆಗಳಲ್ಲಿ ತೊಟ್ಟಿಲು ಬರಿದಾಗಿದ್ದು ನಿಜ. ಆದರೆ ಆ ಹೆದರಿಕೆ ಯಾವುದರ ಮೇಲೆ ಇರಬೇಕಿತ್ತೋ ಅದರ ಮೇಲೆ ಇರಲಿಲ್ಲ. ಹೆದರಬೇಕಾಗಿದ್ದು ಒಡೆದಿಟ್ಟ ಬಾಟಲಿಗೆ, ಲಸಿಕೆಗಲ್ಲ. ಈ ವ್ಯತ್ಯಾಸವನ್ನು ಹಳ್ಳಿಯ ಮನೆಗೆ ಬಂದು ಯಾರೂ ಬಿಡಿಸಿ ಹೇಳಲಿಲ್ಲ. ಅದಕ್ಕಾಗಿ ನಾನು ಪಾಠದ ಪುಸ್ತಕದಲ್ಲಿ ಇಲ್ಲದ್ದನ್ನು ಸ್ವಲ್ಪ ಕೇಳಿ, ಸ್ವಲ್ಪ ಓದಿ ತಿಳಿದುಕೊಂಡೆ.

ದಡಾರ–ರುಬೆಲ್ಲಾ ಲಸಿಕೆ ಬಾಟಲಿಯಲ್ಲಿ ಒಣ ಪುಡಿಯ ರೂಪದಲ್ಲಿ ಬರುತ್ತದೆ. ಅದರ ಜೊತೆಗೇ ಬರುವ ದ್ರಾವಣವನ್ನು ಹೊಸ ಸಿರಿಂಜಿನಿಂದ ಎಳೆದು ಪುಡಿಗೆ ಬೆರೆಸಬೇಕು. ಒಂದು ಬಾಟಲಿಯಲ್ಲಿ ಹಲವು ಮಕ್ಕಳಿಗೆ ಆಗುವಷ್ಟು ಮದ್ದು ಇರುತ್ತದೆ. ಬೆರೆಸುವವರೆಗೂ ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬೆರೆಸಿದ ಮೇಲೂ ತಂಪಿನಲ್ಲೇ ಇರಬೇಕು, ಮತ್ತು 4 ತಾಸಿನೊಳಗೆ ಮುಗಿಯಬೇಕು. ಉಳಿದದ್ದನ್ನು ಚೆಲ್ಲಲೇಬೇಕು. ಯಾಕೆಂದರೆ ಇದು ಜೀವಂತ ಆದರೆ ದುರ್ಬಲಗೊಳಿಸಿದ ವೈರಸ್ಸಿನ ಲಸಿಕೆ. ಕೆಡದಂತೆ ಇಡುವ ರಾಸಾಯನಿಕ ಇದರಲ್ಲಿ ಹಾಕಿರುವುದಿಲ್ಲ. ಸೂಜಿಯ ತುದಿಯಿಂದಲೋ ಕೈಯಿಂದಲೋ ಒಂದಿಷ್ಟು ಬ್ಯಾಕ್ಟೀರಿಯಾ ಒಳಗೆ ಹೊಕ್ಕರೆ ತಾಸು ಕಳೆದಂತೆಲ್ಲ ಅವು ಬೆಳೆಯುತ್ತ ಹೋಗುತ್ತವೆ. ನಾಳೆಗೆ ಬೇಕಾದೀತು ಎಂದು ಮುಚ್ಚಿಟ್ಟ ಬಾಟಲಿ ಮರುದಿನದ ಕೂಸಿಗೆ ವಿಷವಾಗಬಹುದು. ನೆನ್ನೆಯ ಮಾಂಸದ ಸಾರನ್ನು ಒಲೆಯ ಪಕ್ಕ ಇಟ್ಟು ಇಂದು ಉಣ್ಣಲು ಕೊಟ್ಟರೆ ಯಾರಾದರೂ ಉಣ್ಣುತ್ತಾರೆಯೇ ಎಂದು ಕೇಳಿದೆ. ದಾದಿಗೆ ಈ ಮಾತು ಕೂಡಲೇ ತಿಳಿಯಿತು.

ಹೀಗೆ ಆಗಿದ್ದು ನಮ್ಮಲ್ಲಿ ಮಾತ್ರವಲ್ಲ. ಸಮೋವಾ ಎಂಬ ಪುಟ್ಟ ದ್ವೀಪದೇಶದ ಕಥೆ ಓದಿದಾಗ ನನಗೆ ರಾಮದುರ್ಗವೇ ಕಣ್ಣ ಮುಂದೆ ಬಂತು. ಪೆಸಿಫಿಕ್ ಸಾಗರದ ನಡುವಿನ ಆ ದೇಶದ ಜನಸಂಖ್ಯೆ ಸುಮಾರು 2 ಲಕ್ಷ. ಮೂಡಲಗಿ ಬೇರೆಯಾಗುವ ಮುಂಚಿನ ನಮ್ಮ ಹಳೆಯ ಗೋಕಾಕ ತಾಲ್ಲೂಕಿನಷ್ಟೂ ಜನ ಅಲ್ಲಿಲ್ಲ. 2018ರ ಜುಲೈಯಲ್ಲಿ ಅಲ್ಲಿ ಎರಡು ಕೂಸುಗಳು ದಡಾರದ ಲಸಿಕೆ ಹಾಕಿದ ಕೆಲವೇ ನಿಮಿಷಗಳಲ್ಲಿ ಸತ್ತವು. ತನಿಖೆಯಾಯಿತು. ದ್ರಾವಣದ ಬದಲು, ಶಸ್ತ್ರಚಿಕಿತ್ಸೆಯ ಹೊತ್ತಿಗೆ ಬಳಸುವ ಸ್ನಾಯು ಸಡಿಲಿಸುವ ಮದ್ದನ್ನು ಪುಡಿಗೆ ಬೆರೆಸಿದ್ದರೆಂದು ಗೊತ್ತಾಯಿತು. ಇಬ್ಬರು ದಾದಿಯರಿಗೆ ಜೈಲು ಶಿಕ್ಷೆಯಾಯಿತು. (ಇಲ್ಲಿ ದಾದಿ ಅಂದರೆ ನರ್ಸು, ನನ್ನ ಅಜ್ಜಿಯಲ್ಲ.) ಅಷ್ಟರಲ್ಲಿ ಸರ್ಕಾರ ಆ ಲಸಿಕೆಯನ್ನೇ ತಿಂಗಳುಗಟ್ಟಲೆ ನಿಲ್ಲಿಸಿತ್ತು. ಮತ್ತೆ ಶುರು ಮಾಡಿದಾಗ ಜನ ಬರಲಿಲ್ಲ. ಯಾಕೆ ಬಂದಾರು? ನನ್ನ ದಾದಿಯಂಥವರು ಅಲ್ಲಿಯೂ ಮನೆಮನೆಗೆ ಇದ್ದರು.

2019ರ ಕೊನೆಯಲ್ಲಿ ಅಲ್ಲಿಗೆ ದಡಾರ ಬಂತು. ಕೆಲವೇ ತಿಂಗಳಲ್ಲಿ 5,700ಕ್ಕೂ ಹೆಚ್ಚು ಜನರಿಗೆ ಹರಡಿತು. 83 ಮಂದಿ ಸತ್ತರು, ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ಶಾಲೆಗಳನ್ನು ಮುಚ್ಚಿದರು. ಡಿಸೆಂಬರಿನಲ್ಲಿ ಎರಡು ದಿನ ಇಡೀ ದೇಶದ ಕಚೇರಿಗಳಿಗೆ ಬೀಗ ಹಾಕಿ, ಲಸಿಕೆ ಆಗದವರಿರುವ ಮನೆಯವರು ಬಾಗಿಲ ಮುಂದೆ ಕೆಂಪು ಬಟ್ಟೆ ಕಟ್ಟಬೇಕೆಂದು ಸಾರಿ, ಮನೆಮನೆಗೆ ಹೋಗಿ ಸೂಜಿ ಹಾಕಿದರು. ತಪ್ಪಾದ ಒಂದು ಬಾಟಲಿಯಿಂದ ಎರಡು ಮಕ್ಕಳು ಹೋದವು. ಆ ತಪ್ಪಿನ ಹೆದರಿಕೆಯಿಂದ ಎಂಬತ್ತು ಚಿಲ್ಲರೆ ಜೀವ ಹೋದವು. ಮೊದಲಿನ ಎರಡು ಸಾವು ಸಣ್ಣವು ಅಂತ ನಾನು ಹೇಳುತ್ತಿಲ್ಲ. ಸೂಜಿಯಿಂದಾದ ಸಾವಿನ ಸುದ್ದಿ ಊರೆಲ್ಲ ಹರಡುತ್ತದೆ, ಸೂಜಿ ಇಲ್ಲದೆ ಆದ ಸಾವಿನ ಸುದ್ದಿ ನಮ್ಮ ಬೀದಿಗೆ ಬರುವುದೇ ಇಲ್ಲ.

ಹೀಗನ್ನಲು ದೂರದ ದ್ವೀಪಕ್ಕೇ ಹೋಗಬೇಕಾಗಿಲ್ಲ. ರಾಮದುರ್ಗದ ಘಟನೆಯಾದ ಅದೇ 2022ರ ಕೊನೆಯಲ್ಲಿ ಮುಂಬೈಯ ಗೋವಂಡಿ ಮತ್ತು ಸುತ್ತಲಿನ ಬಡಾವಣೆಗಳಲ್ಲಿ ದಡಾರ ಎದ್ದಿತು. ಮುಂಬೈ ಮತ್ತು ಸುತ್ತಮುತ್ತ ಹತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡವು. ಕೊರೊನಾ ಕಾಲದಲ್ಲಿ ಸೂಜಿ ತಪ್ಪಿಸಿಕೊಂಡ ಮಕ್ಕಳು ಆ ಓಣಿಗಳಲ್ಲಿ ಬಹಳ ಇದ್ದರು. ನಮ್ಮ ಕಡೆಯ ಎಷ್ಟೋ ಮನೆಯವರು ದುಡಿಯಲು ಮುಂಬೈಗೆ ಹೋದವರು, ಹಬ್ಬಕ್ಕೆ ಬಂದು ಹೋಗುವವರು. ಆದರೂ ಗೋವಂಡಿಯ ಸುದ್ದಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಾಮದುರ್ಗದ್ದು ಎಲ್ಲರಿಗೂ ಗೊತ್ತಿತ್ತು.

ದಡಾರವನ್ನು ನಮ್ಮ ಕಡೆ ಹಿರಿಯರು ಗೊಬ್ಬರ ಅನ್ನುತ್ತಾರೆ. ಮೈ ಮೇಲೆ ಕೆಂಪು ಗುಳ್ಳೆ ಎದ್ದು ಒಂದು ವಾರದಲ್ಲಿ ಹೋಗುವ ಸಣ್ಣ ಬೇನೆ ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ಕೆಮ್ಮಿದ, ಸೀನಿದ ಗಾಳಿಯಲ್ಲಿ ಇದು ಹರಡುತ್ತದೆ. ರೋಗಿ ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ 2 ತಾಸಿನವರೆಗೆ ವೈರಸ್ ಇರಬಲ್ಲದು. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ತಗಲುತ್ತದೆ. ಕೊಲ್ಲುವುದು ಗುಳ್ಳೆಯಲ್ಲ, ಅದರ ಹಿಂದೆ ಬರುವ ನ್ಯುಮೋನಿಯಾ, ಭೇದಿ, ಮಿದುಳಿನ ಊತ. ಅಪೌಷ್ಟಿಕತೆಯಿರುವ ಮಗುವಾದರೆ ಕಣ್ಣೂ ಹೋಗಬಹುದು. ಹರಡುವುದು ನಿಲ್ಲಬೇಕಾದರೆ ಊರಿನ ನೂರು ಮಕ್ಕಳಲ್ಲಿ 95 ಮಕ್ಕಳಿಗೆ ಎರಡೂ ಡೋಸು ಆಗಿರಬೇಕು.

ಎರಡು ಡೋಸು ಯಾಕೆ ಎಂದು ಭಾಬಿ ಕೇಳಿದರು. ಒಳ್ಳೆಯ ಪ್ರಶ್ನೆ. ಒಂಬತ್ತು ತಿಂಗಳಿಗೆ ಹಾಕಿದ ಮೊದಲ ಡೋಸು ಎಲ್ಲ ಮಕ್ಕಳಲ್ಲೂ ಹಿಡಿಯುವುದಿಲ್ಲ. ನೂರಕ್ಕೆ ಸುಮಾರು 15 ಮಕ್ಕಳು ರಕ್ಷಣೆಯಿಲ್ಲದೆ ಉಳಿದುಬಿಡುತ್ತಾರೆ. ಯಾವ ಮಗು ಆ ಹದಿನೈದರಲ್ಲಿದೆ ಎಂದು ನೋಡಿ ಹೇಳಲಿಕ್ಕಾಗದು. ಅದಕ್ಕೇ ಎಲ್ಲರಿಗೂ ಇನ್ನೊಮ್ಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ ನೂರಕ್ಕೆ 84 ಮಕ್ಕಳಿಗೆ ಪೂರ್ಣ ಲಸಿಕೆಯಾಗಿದೆ ಎನ್ನುತ್ತದೆ. ಕೇಳಲು ಚಲೋ ಅನಿಸುತ್ತದೆ. ಆದರೆ ಆ ಲೆಕ್ಕದ ‘ಪೂರ್ಣ’ದಲ್ಲಿ ದಡಾರದ ಒಂದೇ ಡೋಸು ಸೇರಿದೆ. ನಮ್ಮ ಚಿಕ್ಕವಳೂ ಆ ಲೆಕ್ಕದಲ್ಲಿ ಪೂರ್ಣವೇ!

ಇಷ್ಟೆಲ್ಲ ಹೇಳಿದರೂ ದಾದಿ ಒಪ್ಪಲಿಲ್ಲ. “ನಾವೇನ ಸೂಜಿ ಮಾಡಿಸ್ಕೊಂಡ ಬೆಳದೇವೇನು?” ಎಂದರು. ನಾನು ಸಿಟ್ಟಿಗೆದ್ದು ಸುಮ್ಮನಾದೆ. ಎರಡು ದಿನದ ಮೇಲೆ, ರಾತ್ರಿ ಅಂಗಳದಲ್ಲಿ ಹಾಸಿಗೆ ಹಾಸುವಾಗ, ಅವರೇ ತಾವಾಗಿ ಲೆಕ್ಕ ಹೇಳಿದರು: ಹಡೆದದ್ದು ಏಳು, ಉಳಿದದ್ದು ಐದು. ಒಂದು ಹೆಣ್ಣು ಕೂಸು ಹುಟ್ಟಿದ ವಾರದಲ್ಲೇ ಹೋಯಿತು. ಇನ್ನೊಂದು ಗಂಡು, ಅಬ್ಬಾನ ನಂತರದ್ದು, ಮೂರು ವರ್ಷದ್ದು, ಒಂದು ಬೇಸಿಗೆಯಲ್ಲಿ ಗೊಬ್ಬರ ಎದ್ದು, ಗುಳ್ಳೆ ಆರಿದ ಮೇಲೆ ಉಸಿರು ಹತ್ತಿ ಹೋಯಿತು. ಆಗ ಓಣಿಯಲ್ಲಿ ಆರೇಳು ಮನೆಯ ಮಕ್ಕಳಿಗೆ ಎದ್ದಿತ್ತಂತೆ. ಅದು 1980ರ ಆಸುಪಾಸು. ದಡಾರದ ಲಸಿಕೆ ದೇಶದ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿದ್ದು 1985ರಲ್ಲಿ. ಅಬ್ಬಾನಿಗೆ ಒಬ್ಬ ತಮ್ಮನಿದ್ದ ಎಂಬುದು ಹದಿನೇಳು ವರ್ಷ ಅದೇ ಮನೆಯಲ್ಲಿ ಬೆಳೆದ ನನಗೆ ಆ ರಾತ್ರಿಯವರೆಗೆ ಗೊತ್ತಿರಲಿಲ್ಲ. ನಾನು ಲಸಿಕೆಯ ಮಾತನ್ನೇ ಎತ್ತಲಿಲ್ಲ. ದಾದಿಯೇ ಕೇಳಿದರು, “ಆ ಬಾಟ್ಲಿ ಕೆಟ್ಟದ್ದೋ ಚಲೋದೋ ಅಂತ ನೋಡಾಕ ಬರತೈತೇನು?”

ಬರುತ್ತದೆ. ನಾನು ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಸೂಜಿ ತಪ್ಪಿಸುವುದು ಹೆದರಿಕೆಗೆ ಉತ್ತರವಲ್ಲ. ಸೂಜಿಯ ಮುಂದೆ ನಿಂತು ಕೇಳುವುದು ಉತ್ತರ. ಬಾಟಲಿಯನ್ನು ಯಾವಾಗ ಬೆರೆಸಿದಿರಿ ಎಂದು ಕೇಳಬಹುದು. ಬೆರೆಸಿದ ಹೊತ್ತನ್ನು ಬಾಟಲಿಯ ಮೇಲೆ ಬರೆಯಬೇಕೆಂಬುದು ನಿಯಮವೇ ಇದೆ. ಬಾಟಲಿಯ ಮೇಲೆ ಒಂದು ದುಂಡು ಗುರುತು, ಅದರೊಳಗೆ ಒಂದು ಚೌಕ ಇರುತ್ತದೆ. ಬೆರೆಸುವ ಮುಂಚೆ ಒಳಗಿನ ಚೌಕ ಹೊರಗಿನ ದುಂಡಿಗಿಂತ ತಿಳಿಯಾಗಿದ್ದರೆ ಮದ್ದು ಬಿಸಿ ತಗಲಿ ಹಾಳಾಗಿಲ್ಲ ಎಂದರ್ಥ. ಚೌಕ ದುಂಡಿನಷ್ಟೇ ಕಪ್ಪಾಗಿದ್ದರೆ ಅಥವಾ ಅದಕ್ಕಿಂತ ಕಪ್ಪಾಗಿದ್ದರೆ ಬಳಸಬಾರದು. ಓದು ಬಾರದವರೂ ಇದನ್ನು ನೋಡಿ ತಿಳಿಯಬಹುದು. ಆದರೆ ಈ ಗುರುತು ಹೇಳುವುದು ಬಿಸಿಯ ಸಂಗತಿಯನ್ನು ಮಾತ್ರ. ಬ್ಯಾಕ್ಟೀರಿಯಾ ಹೊಕ್ಕಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗದು. ಆದ್ದರಿಂದ ಹೊತ್ತನ್ನು ಕೇಳಲೇಬೇಕು. ಸಿರಿಂಜು ನಮ್ಮ ಕಣ್ಣೆದುರಿಗೇ ಪೊಟ್ಟಣದಿಂದ ಬಿಚ್ಚಬೇಕು. ಒಮ್ಮೆ ಬಳಸಿದ ಮೇಲೆ ತಾನೇ ಲಾಕ್ ಆಗುವ ಸಿರಿಂಜನ್ನೇ ಸರ್ಕಾರ ಕೊಡುತ್ತದೆ. ಸೂಜಿಯಾದ ಮೇಲೆ ಅರ್ಧ ತಾಸು ಅಲ್ಲೇ ಕೂರಬೇಕು. ಮನೆಯಲ್ಲಿ ಒಲೆ ಮೇಲೆ ಅನ್ನ ಇಟ್ಟು ಬಂದೇನಿ ಎಂದು ಓಡುವವರು ಬಹಳ.

ನಾವು ಕೇಳುವುದಷ್ಟೇ ಅಲ್ಲ, ಅವರು ಹೇಳಬೇಕಾದದ್ದೂ ಇದೆ. ಪ್ರತಿ ಸೂಜಿಯ ನಂತರ ತಾಯಿಗೆ ನಾಲ್ಕು ಮಾತು ಹೇಳಬೇಕೆಂದು ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿಯಲ್ಲೇ ಕಲಿಸುತ್ತಾರೆ: ಇದು ಯಾವ ಲಸಿಕೆ ಮತ್ತು ಯಾವ ರೋಗಕ್ಕೆ, ಏನು ತೊಂದರೆಯಾಗಬಹುದು ಮತ್ತು ಆದರೆ ಏನು ಮಾಡಬೇಕು, ಮುಂದಿನದು ಯಾವಾಗ, ಕಾರ್ಡು ಜೋಪಾನವಾಗಿಟ್ಟು ಬರುವಾಗ ತರಬೇಕು. ಭಾಬಿಗೆ ಈ ನಾಲ್ಕರಲ್ಲಿ ನೆನಪಿದ್ದದ್ದು ಕೊನೆಯದೊಂದೇ. ಮೂರು ತಿಂಗಳಿನೊಳಗಿನ ಸೂಜಿಗಳಿಗೆ ಜ್ವರ ಬರುವುದು ಸಾಮಾನ್ಯ ಎಂದು ಮೊದಲೇ ಹೇಳಿದ್ದರೆ ರಾತ್ರಿಯಿಡೀ ಕೂಸನ್ನು ಹೊತ್ತು ಅಳುತ್ತಿರಲಿಲ್ಲ ಎಂದರು. ದಡಾರದ ಸೂಜಿಗೆ ಜ್ವರ, ಸಣ್ಣ ಗುಳ್ಳೆ ಬಂದರೂ ಬರುವುದು ಸುಮಾರು ಒಂದು ವಾರದ ಮೇಲೆ. ಅದೂ ತಾನಾಗಿ ಹೋಗುತ್ತದೆ. ಗೊತ್ತಿಲ್ಲದಿದ್ದರೆ ಅದನ್ನೇ “ಸೂಜಿಯಿಂದ ಗೊಬ್ಬರ ಬಂತು” ಎನ್ನುತ್ತಾರೆ. ಇನ್ನೊಂದು ಮಾತು: ಸಣ್ಣ ನೆಗಡಿ, ಸಣ್ಣ ಕೆಮ್ಮು ಇದೆಯೆಂದು ಸೂಜಿ ಮುಂದೂಡಬೇಕಿಲ್ಲ. ನಮ್ಮ ಮನೆಗಳಲ್ಲಿ ಮುಂದೂಡಿದ್ದು ಬಹಳ ಸಲ ಮರೆತೇ ಹೋಗುತ್ತದೆ.

ಜೂನ್ ತಿಂಗಳ ಒಂದು ಗುರುವಾರ ನಾನು, ಭಾಬಿ, ಚಿಕ್ಕವಳು ಮೂವರೂ ಉಪಕೇಂದ್ರಕ್ಕೆ ಹೋದೆವು. ದಡಾರದ ತಪ್ಪಿದ ಡೋಸನ್ನು ಐದು ವರ್ಷ ತುಂಬುವವರೆಗೆ ಸರ್ಕಾರಿ ಕೇಂದ್ರದಲ್ಲಿ ಹಾಕುತ್ತಾರೆ. ಅವಳಿಗೆ ಡಿಸೆಂಬರಿಗೆ ಐದು. ಅಲ್ಲಿ ಹನ್ನೊಂದು ತಾಯಂದಿರಿದ್ದರು, ಕೂರಲು ನಾಲ್ಕು ಕುರ್ಚಿ. ನಾನು ಬಾಟಲಿ ಯಾವಾಗ ಬೆರೆಸಿದ್ದು ಎಂದು ಕೇಳಿದೆ. ನರ್ಸಬಾಯಿ ತಲೆಯೆತ್ತಿ, “ನೀ ಏನ ಡಾಕ್ಟರ ಅದಿ ಏನು?” ಎಂದರು. ನನ್ನ ಮುಖ ಸಣ್ಣದಾಯಿತು. ಸುತ್ತಲಿದ್ದವರು ನಕ್ಕರು. ಬಿಟ್ಟುಬಿಡೋಣ ಎನಿಸಿತು. ಆದರೆ ದಾದಿಗೆ ಮಾತು ಕೊಟ್ಟು ಬಂದಿದ್ದೆ. ರಾಮದುರ್ಗದ ವಿಷಯಕ್ಕೆ ಮನೆಯಲ್ಲಿ ಹೆದರ್ಯಾರ, ಅದಕ್ಕ ಕೇಳಿದೆ ಎಂದೆ. ಅವರು ಒಂದು ನಿಮಿಷ ಸುಮ್ಮನಿದ್ದು, ಬಾಟಲಿ ಎತ್ತಿ ತೋರಿಸಿದರು. ಅದರ ಮೇಲೆ ಪೆನ್ನಿನಲ್ಲಿ 10.40 ಎಂದಿತ್ತು. ಆಗ ಗಂಟೆ ಹನ್ನೊಂದೂಕಾಲು. ಆಮೇಲೆ, ಕೇಳದೆಯೇ, ಉಳಿದ ತಾಯಂದಿರಿಗೂ ತೋರಿಸಿದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಬೇರೆ ಕಡೆ. ಬಯಲುಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ್ದೇ ಅಳತೆ. ಲಸಿಕೆ, ಬಾಣಂತಿಯರು, ಬಿಪಿ–ಸಕ್ಕರೆ ತಪಾಸಣೆ, ಮೊಬೈಲಿನಲ್ಲಿ ಮಾಹಿತಿ ತುಂಬುವುದು, ಎಲ್ಲ ಒಬ್ಬರದೇ ತಲೆಯ ಮೇಲೆ. ಹೀಗಿರುವಾಗ ನಾಲ್ಕು ಮಾತಾಡಲು ಪುರುಸೊತ್ತಿಲ್ಲ ಅಂದರೆ ಅರ್ಥವಾಗುತ್ತದೆ. ಆದರೆ ರಾಮದುರ್ಗದಂಥ ಘಟನೆಯಾದ ಮೇಲೆ ಜಿಲ್ಲೆಯ ಪ್ರತಿ ಉಪಕೇಂದ್ರದ ಗೋಡೆಯ ಮೇಲೆ, ಕನ್ನಡದಲ್ಲಿ, ಬೇಕಾದ ಕಡೆ ಉರ್ದುವಿನಲ್ಲಿಯೂ, ‘ಬಾಟಲಿಯ ಹೊತ್ತು ಕೇಳಿ’ ಎಂದು ಬರೆಸಲು ಎಷ್ಟು ಖರ್ಚಾಗುತ್ತಿತ್ತು? ಅಮಾನತಾದ ಸುದ್ದಿಯನ್ನು ಎಲ್ಲರೂ ಓದಿದೆವು. ಮುಂದೆ ಹಾಗಾಗದಂತೆ ಏನು ಬದಲಾಯಿತು ಎಂಬುದನ್ನು ನಮ್ಮ ಓಣಿಗೆ ಬಂದು ಯಾರೂ ಹೇಳಲಿಲ್ಲ. ನಂಬಿಕೆ ಹೋದದ್ದು ಒಂದು ದಿನದಲ್ಲಿ. ಅದನ್ನು ತಿರುಗಿ ತರುವ ಕೆಲಸ ನಮ್ಮ ಭಾಬಿಯ ಮನೆಯವರಿಗೇ ಬಿಟ್ಟರೆ ಹೇಗೆ?

ಆ ಚೌಕ ಖಾಲಿ ಉಳಿಯಲು ಹೆದರಿಕೆಯೊಂದೇ ಕಾರಣವಲ್ಲ ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಭಾಬಿಯ ತವರು ಹುಕ್ಕೇರಿ ತಾಲ್ಲೂಕು. ಮೊದಲ ಹೆರಿಗೆ ಅಲ್ಲಿ, ಮೊದಲ ಸೂಜಿಗಳೂ ಅಲ್ಲಿ. ಐದು ತಿಂಗಳಿಗೆ ಕೂಸನ್ನು ಕರೆದುಕೊಂಡು ಮೂಡಲಗಿ ತಾಲ್ಲೂಕಿನ ನಮ್ಮೂರಿಗೆ ಬಂದರು. ಅಲ್ಲಿನ ಆಶಾ ಕಾರ್ಯಕರ್ತೆ ಕೂಸು ಊರು ಬಿಟ್ಟಿತೆಂದುಕೊಂಡರು, ಇಲ್ಲಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಹೆಸರೇ ಹತ್ತಲಿಲ್ಲ. ಒಂಬತ್ತು ತಿಂಗಳಿನದನ್ನು ಭಾಬಿ ತಾವೇ ನೆನಪಿಟ್ಟು ಹಾಕಿಸಿದ್ದರು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗುತ್ತದೆ, ಅದು ಯಾವ ಜಾತಿ ಧರ್ಮದ ಮನೆಯಾದರೂ ಸರಿ. ಅಂದ ಮೇಲೆ ಎಷ್ಟು ಕೂಸುಗಳು ಹೀಗೆ ಎರಡು ಪಟ್ಟಿಗಳ ನಡುವೆ ಬಿದ್ದಿರಬಹುದು! ಈಗ ಯು–ವಿನ್ ಎಂಬ ಪೋರ್ಟಲ್ ಬಂದಿದೆ, ಮೊಬೈಲ್ ನಂಬರಿನಿಂದ ಯಾವ ಊರಿನಲ್ಲಾದರೂ ಮಗುವಿನ ದಾಖಲೆ ತೆಗೆಯಬಹುದು. ಅದೂ ನಂಬರು ಬದಲಾಗದಿದ್ದರೆ. ಕಬ್ಬು ಕಡಿಯಲು ಬರುವ ಗ್ಯಾಂಗಿನ ಮಕ್ಕಳದು ಇನ್ನೂ ಕಷ್ಟ. ಫ್ಯಾಕ್ಟರಿ ಶುರುವಾದಾಗ ಗುಡಿಸಲು ಹಾಕಿ, ಹಂಗಾಮು ಮುಗಿದೊಡನೆ ಎತ್ತಿಕೊಂಡು ಹೋಗುವ ಆ ಮಕ್ಕಳ ಹೆಸರು ಯಾವ ಊರಿನ ಪಟ್ಟಿಯಲ್ಲಿರಬೇಕು? ಅವರಿರುವ ಹೊಲ ನಮ್ಮ ಮನೆಯಿಂದ ಕೂಗಳತೆ. ಭಾಯಿ ಓಡಿಸುವ ಟ್ರ್ಯಾಕ್ಟರಿಗೆ ಕಬ್ಬು ಹೇರುವವರು ಅವರೇ.

ಇನ್ನು ನಮ್ಮ ವಿಷಯ. ಎರಡನೇ ವರ್ಷದ ಪಿಯುಸಿಯಲ್ಲಿರುವ ನಮ್ಮಲ್ಲಿ ಹೆಚ್ಚಿನವರಿಗೆ 2017ರ ಫೆಬ್ರವರಿ ನೆನಪಿರಬೇಕು. ಆ ತಿಂಗಳು ಕರ್ನಾಟಕವೂ ಸೇರಿ ಐದು ಕಡೆ ದಡಾರ–ರುಬೆಲ್ಲಾ ಅಭಿಯಾನ ಮೊದಲು ಶುರುವಾಯಿತು; ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಎಲ್ಲರಿಗೂ. ನಾನು ಮೂರನೇ ಇಯತ್ತೆಯಲ್ಲಿದ್ದೆ. ಮಕ್ಕಳಾಗದಂತೆ ಮಾಡುವ ಸೂಜಿ ಅದು ಎಂಬ ಸುಳ್ಳು ಫೋನಿನಿಂದ ಫೋನಿಗೆ ಹೋಗಿ, ಸೂಜಿಯ ದಿನ ನಮ್ಮ ವರ್ಗದಲ್ಲಿ ಅರ್ಧ ಬೆಂಚು ಖಾಲಿ ಇದ್ದವು. ನಮ್ಮ ಗುರುಗಳು ತಮ್ಮ ಮಗಳನ್ನೇ ಕರೆತಂದು ಎಲ್ಲರ ಮುಂದೆ ಮೊದಲ ಸೂಜಿ ಹಾಕಿಸಿದ್ದರಿಂದ ಅಬ್ಬಾ ಒಪ್ಪಿದರು. ಸುಳ್ಳು ಎಷ್ಟು ತಲೆಕೆಳಗಾಗಿತ್ತು ನೋಡಿ: ರುಬೆಲ್ಲಾ ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗಲಿದರೆ ಗರ್ಭ ಹೋಗಬಹುದು, ಇಲ್ಲವೇ ಕೂಸು ಕಿವುಡಾಗಿ, ಕಣ್ಣಿನ ಪೊರೆಯೊಂದಿಗೆ, ಹೃದಯದ ದೋಷದೊಂದಿಗೆ ಹುಟ್ಟಬಹುದು. ಮುಂದೆ ತಾಯಂದಿರಾಗುವ ನಮ್ಮನ್ನು ಕಾಯಲೆಂದೇ ಇದ್ದ ಸೂಜಿಯದು. ಅಂದು ಮನೆಯಲ್ಲಿ ಉಳಿದ ಗೆಳತಿಯರು ಈಗ ಒಮ್ಮೆ ವೈದ್ಯರನ್ನು ಕೇಳಬೇಕು, ಮದುವೆಯ ಮಾತು ಬರುವ ಮುಂಚೆಯೇ. ಗರ್ಭ ನಿಂತ ಮೇಲೆ ಈ ಲಸಿಕೆಯನ್ನು ಕೊಡುವುದಿಲ್ಲ. ದಡಾರ, ರುಬೆಲ್ಲಾ ಎರಡನ್ನೂ 2026ರೊಳಗೆ ದೇಶದಿಂದ ಹೋಗಲಾಡಿಸಬೇಕೆಂಬ ಗುರಿಯಿದೆ. ಪೋಲಿಯೊ ಹೋಗಿದ್ದು ಹೀಗೆಯೇ. ದೇಶದ ಕೊನೆಯ ರೋಗಿ ಸಿಕ್ಕಿದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. ಆಗ ನಮ್ಮೂರ ಮಸೀದಿಯ ಮೈಕಿನಲ್ಲಿ ಹನಿ ಹಾಕಿಸುವ ದಿನವನ್ನು ಸಾರುತ್ತಿದ್ದರೆಂದು ಅಬ್ಬಾ ಹೇಳುತ್ತಾರೆ. ಆ ಮೈಕು ಗುರುವಾರದ ಸೂಜಿಗೂ ಆಗಬಹುದಲ್ಲ.

ಚಿಕ್ಕವಳ ಸೂಜಿಯಾಗಿ ಅರ್ಧ ತಾಸು ಕೂತಿದ್ದಾಗ ಗೋಡೆಯ ಮೇಲಿನ ಪಟ್ಟಿ ಓದಿದೆ. ಕೊನೆಯ ಸಾಲಿನಲ್ಲಿ ಹತ್ತು ವರ್ಷಕ್ಕೆ ಮತ್ತು ಹದಿನಾರು ವರ್ಷಕ್ಕೆ ಟಿಡಿ ಎಂದಿತ್ತು. ಧನುರ್ವಾಯು ಮತ್ತು ಗಂಟಲುಮಾರಿಯ ಸೂಜಿ. ಚಿಕ್ಕಂದಿನಲ್ಲಿ ಹಾಕಿಸಿದ ಸೂಜಿಯ ಬಲ ವರ್ಷ ಕಳೆದಂತೆ ಇಳಿಯುವುದರಿಂದ ಮತ್ತೆ ಹಾಕಬೇಕಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಶಾಲೆಗೆ ಬಂದು ಹಾಕಿದ್ದರು; ನಾನು ಆ ದಿನ ಚಾಚಾನ ಮಗಳ ಮದುವೆಗೆ ಸಂಕೇಶ್ವರಕ್ಕೆ ಹೋಗಿದ್ದೆ. ಅಂದರೆ ಮನೆಯಲ್ಲಿ ಖಾಲಿ ಚೌಕ ಇದ್ದದ್ದು ಇಬ್ಬರಿಗೆ. ನಮ್ಮ ವರ್ಗದಲ್ಲಿ ಸುಮ್ಮನೆ ಕೇಳಿ ನೋಡಿದೆ, ಹಾಕಿಸಿಕೊಂಡದ್ದು ನೆನಪಿದೆ ಎಂದವರು ಏಳು ಜನ, ಉಳಿದವರು “ಅದೇನು?” ಎಂದರು. ಪ್ರಾಂಶುಪಾಲರಲ್ಲಿ ನನ್ನದೊಂದು ವಿನಂತಿ: ಹತ್ತಿರದ ಆರೋಗ್ಯ ಕೇಂದ್ರಕ್ಕೆ ಪತ್ರ ಬರೆದು ಒಂದು ದಿನ ಕಾಲೇಜಿಗೇ ಬರಲು ಹೇಳಬೇಕು. ಹೆಣ್ಣುಮಕ್ಕಳು ಸೂಜಿ ಹಾಕಿಸಿಕೊಳ್ಳಲು ಒಂದು ಕೋಣೆ ಬಿಟ್ಟುಕೊಟ್ಟರೆ ಸಾಕು.

ಅದು ಆಗುವವರೆಗೆ ಕಾಯುವವಳಲ್ಲ ನಾನು. ಈ ಗುರುವಾರ ಕೆಮಿಸ್ಟ್ರಿ ಪ್ರಾಕ್ಟಿಕಲ್ ಇದೆ, ಮುಂದಿನ ಗುರುವಾರ ಬೆಳಿಗ್ಗೆ ಹತ್ತಕ್ಕೆ ಹೋಗುತ್ತೇನೆ. ಬರುವವರಿದ್ದರೆ ಬುಧವಾರ ಹೇಳಿ, ಜೊತೆಯಾಗಿ ಹೋಗೋಣ. ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದ್ದರೆ ಕಾರ್ಡನ್ನೂ ತನ್ನಿ. ಊಟದ ಬಿಡುವಿನಲ್ಲಿ ಕೂತು ಓದೋಣ.